ಚಿಗರಿ ಬಸ್: ಶುರುವಿನಿಂದ ಅಡ್ಡಾಡುತ್ತಿರುವ ಧಾರವಾಡದವನ ಅನುಭವ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ ಇರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಗಾಡಿ ತಗೊಳ್ಳೋದೋ, ಚಿಗರಿ (ಎರಡು ಊರಿನ ನಡುವೆ ತನ್ನದೇ ಲೇನಿನಲ್ಲಿ ಓಡುವ ಎಸಿ ಬಸ್) ಸಾಕೋ? ನಾನು ಸಪ್ತಾಪುರದವನು, ಕಚೇರಿ ವಿದ್ಯಾನಗರದಲ್ಲಿ. 2018ರ ಅಕ್ಟೋಬರ್‌ನಲ್ಲಿ ಚಿಗರಿ ಪ್ರಾಯೋಗಿಕವಾಗಿ ಓಡಲು ಶುರುವಾದಾಗಿನಿಂದ ಅದರಲ್ಲೇ ಹೋಗಿ ಬರುತ್ತಿದ್ದೇನೆ. 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಉದ್ಘಾಟನೆ ಮಾಡುವ ಹೊತ್ತಿಗೆ ನನ್ನ ಬೈಕ್ ವಾರವಿಡೀ ಮನೆ ಮುಂದೆಯೇ ನಿಲ್ಲುತ್ತಿತ್ತು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ನಮ್ಮ ಮನೆಯವರನ್ನು, ಅಂದರೆ ನನ್ನ ಹೆಂಡತಿಯನ್ನು, ಕೇಳಿದರೆ ಎರಡಕ್ಕಿಂತ ಜಾಸ್ತಿ ಕೊಡುವುದಿಲ್ಲ. ಒಂದೇ ಮನೆ, ಒಂದೇ ಬಸ್ಸು, ಆದರೂ ಹೀಗೆ.

ಚಿಗರಿ ಅಂದ ಕೂಡಲೇ ಜನ ಎಸಿ ಬಗ್ಗೆ ಮಾತಾಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಅದು ಬೇಕು, ನಿಜ. ಆದರೆ ನಾನು ಬೈಕ್ ಬಿಟ್ಟಿದ್ದು ಬಸ್ಸಿಗಾಗಿ ಕಾಯುವ ಹೊತ್ತು ಕಡಿಮೆಯಾದ ಮೇಲೆ. ಸೀಟು ಸಿಕ್ಕ ಮೇಲೆ ಅರ್ಧ ತಾಸು ಕೂರುವುದು ಯಾರಿಗೂ ಭಾರ ಆಗುವುದಿಲ್ಲ. ಬಸ್ಸು ಯಾವಾಗ ಬರುತ್ತದೋ ಗೊತ್ತಿಲ್ಲದೆ ರಸ್ತೆ ಬದಿಯಲ್ಲಿ ಹತ್ತು ನಿಮಿಷ ನಿಲ್ಲುವುದಿದೆಯಲ್ಲ, ಅದು ಸಾಕು ಸಾಕು ಅನಿಸುತ್ತದೆ. ಬೆಳಿಗ್ಗೆ ಹೊತ್ತಲ್ಲಿ ಒಂದು ಚಿಗರಿ ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ. ಹಾಗಾಗಿ ಟೈಮ್ ನೋಡಿಕೊಂಡು ಮನೆಯಿಂದ ಓಡುವ ಅಭ್ಯಾಸವೇ ಹೋಗಿದೆ.

ಇದಕ್ಕೆಲ್ಲ ಮೂಲ ಆ ಪ್ರತ್ಯೇಕ ದಾರಿ. ಎರಡು ಊರಿನ ನಡುವಿನ ಸುಮಾರು 22 ಕಿಲೋಮೀಟರ್ ಕಾರಿಡಾರ್‌ನ ಬಹುಪಾಲು ರಸ್ತೆ ಮಧ್ಯದಲ್ಲಿ ಬಸ್ಸಿಗೇ ಅಂತ ಲೇನ್ ಇದೆ. ನವಲೂರು, ರಾಯಾಪುರದ ಹತ್ತಿರ ಪಕ್ಕದಲ್ಲಿ ಲಾರಿ, ಕಾರು ಸಾಲುಗಟ್ಟಿದ್ದರೂ ಬಸ್ಸು ತನ್ನ ಪಾಡಿಗೆ ಹೋಗುತ್ತಿರುತ್ತದೆ. ನಿಲ್ದಾಣಗಳಲ್ಲಿ ದಾಟಿ ಹೋಗಲು ಜಾಗ ಬಿಟ್ಟಿರುವುದರಿಂದ, ನಿಂತ ಬಸ್ಸನ್ನು ಹಿಂದೆ ಹಾಕಿ, ಎಲ್ಲ ಕಡೆ ನಿಲ್ಲದ ಎಕ್ಸ್‌ಪ್ರೆಸ್ ಚಿಗರಿ ಮುಂದೆ ಹೋಗುತ್ತದೆ. ಟಿಕೆಟ್ ನಿಲ್ದಾಣದಲ್ಲೇ ತಗೊಂಡು, ಕ್ಯೂಆರ್ ಕೋಡನ್ನು ಗೇಟಿಗೆ ತೋರಿಸಿ ಒಳಗೆ ಹೋಗುವುದು. ಹೀಗಾಗಿ ಬಸ್ಸು ನಿಂತು ಹೊರಡಲು ಹೊತ್ತು ಹಿಡಿಯುವುದಿಲ್ಲ, ಚಿಲ್ಲರೆಗಾಗಿ ಜಗಳವೂ ಇಲ್ಲ. ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ. ಮಂಡಿನೋವಿನ ನಮ್ಮ ಅವ್ವನನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಇದರ ಬೆಲೆ ನನಗೆ ಗೊತ್ತಾಗುತ್ತದೆ.

ಆ ಲೇನಿಗೆ ಬೇರೆ ವಾಹನಗಳನ್ನೂ ಬಿಡಿ ಅನ್ನುವ ಮಾತು ಆಗಾಗ ಏಳುತ್ತದೆ. ದಯವಿಟ್ಟು ಬೇಡ. ಅದು ಹೋದರೆ ಚಿಗರಿ ಬರೀ ಎಸಿ ಇರುವ ಸಿಟಿ ಬಸ್ ಆಗುತ್ತದೆ. ಆಗ ನನ್ನಂಥವರು ಮರುದಿನವೇ ಬೈಕ್ ಹೊರಗೆ ತೆಗೆಯುತ್ತಾರೆ, ಪಕ್ಕದ ರಸ್ತೆ ಇನ್ನಷ್ಟು ತುಂಬುತ್ತದೆ.

ಇನ್ನು ನಮ್ಮ ಮನೆಯವರ ವಿಷಯ. ಅವರ ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ. ಚಿಗರಿ ಆ ಕಡೆ ಹೋಗುವುದಿಲ್ಲ. ಹುಬ್ಬಳ್ಳಿಯ ಹೊಸೂರು ನಿಲ್ದಾಣದಲ್ಲಿ ಇಳಿದು, ರಸ್ತೆ ದಾಟಿ, ಇನ್ನೊಂದು ಬಸ್ಸು ಕಾಯಬೇಕು ಅಥವಾ ಆಟೋ ಹಿಡಿಯಬೇಕು. ಒಬ್ಬರೇ ಆಟೋದಲ್ಲಿ ಹೋದರೆ ಧಾರವಾಡದಿಂದ ಬಂದ ಟಿಕೆಟ್‌ಗಿಂತ ಆಟೋಕ್ಕೇ ಜಾಸ್ತಿ. "ಹೊಸೂರ್ ತನಕ ಆರಾಮ ಬರ್ತೀನ್ರೀ, ಅಲ್ಲಿಂದ ಮುಂದಿಂದು ಸಾಕಾಗಿ ಹೋಗ್ತದ" ಅನ್ನುತ್ತಾರೆ. ಕೆಲವು ತಿಂಗಳು ಹಾಗೇ ಹೋಗಿ, ಕೊನೆಗೆ ಸ್ಕೂಟರ್ ತಗೊಂಡರು. ಆಚೆ ಹುಬ್ಬಳ್ಳಿಯ ಕೇಶ್ವಾಪುರ, ಈಚೆ ಧಾರವಾಡದ ಕೆಲಗೇರಿ, ಈ ಕಡೆಯವರದ್ದೂ ಇದೇ ಕಥೆ. ಬಸ್ಸು ಎಷ್ಟೇ ಛಲೋ ಇರಲಿ, ಜನ ಮನೆ ಬಾಗಿಲಿಂದ ಕಚೇರಿ ಬಾಗಿಲವರೆಗೂ ಲೆಕ್ಕ ಹಾಕುತ್ತಾರೆ. ಅಷ್ಟು ದೊಡ್ಡ ಕಾರಿಡಾರ್ ಕಟ್ಟಿ, ಕಡೆಯ ಮೂರು ನಾಲ್ಕು ಕಿಲೋಮೀಟರ್‌ಗೆ ದಾರಿ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ದುಡ್ಡಿನ ಲೆಕ್ಕವೂ ನೇರವಾಗಿಲ್ಲ. ಬೈಕಿನಲ್ಲಿ ಹೋಗಿ ಬರಲು ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್ ಬೇಕು, ಅಂದರೆ ನೂರು ರೂಪಾಯಿಯ ಮೇಲೆ. ಒಬ್ಬರೇ ಇದ್ದರೆ ಚಿಗರಿ ಅಗ್ಗ. ಟಿಕೆಟ್ ತಲೆಗೆ ಒಂದು, ಪೆಟ್ರೋಲ್ ಗಾಡಿಗೆ ಒಂದು. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಬೈಕೇ ವಾಸಿ ಅನಿಸಿಬಿಡುತ್ತದೆ. 2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ಬಸ್ ದರ ಶೇ 15ರಷ್ಟು ಏರಿದಾಗ ನಮ್ಮ ಕಚೇರಿಯಲ್ಲಿ ಇಬ್ಬಿಬ್ಬರು ಜೊತೆ ಮಾಡಿಕೊಂಡು ಬೈಕ್ ಹತ್ತಿದ್ದನ್ನು ನೋಡಿದ್ದೇನೆ.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತ. ಎಸಿ ಬಸ್ಸಿಗೆ ಅದು ಇಲ್ಲ, ಹಾಗಾಗಿ ಚಿಗರಿಗೂ ಇಲ್ಲ. ಪಕ್ಕದ ಮನೆಯ ಅಕ್ಕ ಮೊದಲು ನನ್ನ ಜೊತೆಗೇ ಚಿಗರಿ ಹತ್ತುತ್ತಿದ್ದರು. ಈಗ ಸಾಮಾನ್ಯ ಬಸ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಬೇಗ ಹೊರಡುತ್ತಾರೆ, ರಶ್‌ನಲ್ಲಿ ನಿಂತು ಬರುತ್ತಾರೆ. ಸಣ್ಣ ಸಂಬಳದಲ್ಲಿ ತಿಂಗಳ ಬಸ್ ಖರ್ಚು ಉಳಿಯುವುದು ಸುಮ್ನೆ ಅಲ್ಲ. ಆದರೆ ಸಂಜೆ ತಡವಾದ ದಿನ, ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರೆ, ದುಡ್ಡು ಕೊಟ್ಟು ಚಿಗರಿಯಲ್ಲೇ ಬರುತ್ತಾರೆ. ಹೊತ್ತಿಗೂ ಬೆಲೆ ಇದೆ ಅಲ್ವಾ?

ಮಳೆಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೋರು ಮಳೆಗೆ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಂತಾಗ ಬೈಕ್‌ನವರ ಪಾಡು ನೋಡಿದವರಿಗೆ ಗೊತ್ತು.

ಹೊಸದಾಗಿ ಬರುವವರಿಗೆ ನನ್ನ ಸಲಹೆ ಇಷ್ಟು. ಮನೆ, ಕಚೇರಿ ಎರಡೂ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿದ್ದರೆ ಗಾಡಿ ತಗೋಬೇಡಿ. ಬಾಡಿಗೆ ಐನೂರು ಜಾಸ್ತಿ ಆದರೂ ಕಾರಿಡಾರ್ ಹತ್ತಿರವೇ ಮನೆ ಹುಡುಕಿ. ಕಚೇರಿ ಗೋಕುಲ ರಸ್ತೆಯ ಕಡೆ ಇದ್ದರೆ ಮೊದಲು ಒಂದು ವಾರ ಚಿಗರಿಯಲ್ಲಿ ಹೋಗಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ನಡೆಸುವವರಲ್ಲಿ ನನ್ನದು ಒಂದೇ ಕೋರಿಕೆ. ಹೊಸೂರಿನಿಂದ ಗೋಕುಲ ರಸ್ತೆಗೆ, ಬೆಳಿಗ್ಗೆ ಮತ್ತು ಸಂಜೆ, ಚಿಗರಿ ಬರುವ ಹೊತ್ತಿಗೆ ಹೊಂದುವ ಹಾಗೆ ಸಣ್ಣ ಬಸ್ಸುಗಳನ್ನು ಬಿಡಿ. ಅದೇ ಟಿಕೆಟ್ ಅಲ್ಲಿಗೂ ನಡೆಯಲಿ. ನಮ್ಮ ಮನೆಯವರ ಜೊತೆ ಧಾರವಾಡದಿಂದ ಹೋಗುವ ಇನ್ನೂ ಹಲವರಿದ್ದಾರೆ. ಅವರೂ ಇದನ್ನೇ ಕೇಳುತ್ತಾರೆ.