ಸರ್ಕಾರಿ ಹೆರಿಗೆ: ಐದಕ್ಕೆ ಮೂರೂವರೆ ಸ್ಟಾರ್

ಸರ್ಕಾರಿ ಆಸ್ಪತ್ರೆ ಬೇಡ ಅಂತ ಮನೆಯಲ್ಲಿ ಎಲ್ಲರೂ ಹೆದರಿಸಿದ್ದರು. ಆದರೂ ತಾಯಿ ಕಾರ್ಡ್ ಹಿಡಿದು ಅಲ್ಲಿಗೇ ಹೋದೆ.

ನನ್ನ ತವರು ಜಗಳೂರು ಕಡೆ. ನಾನು ಹುಟ್ಟಿದಾಗ ಅದಿನ್ನೂ ಚಿತ್ರದುರ್ಗ ಜಿಲ್ಲೆ. ಅಮ್ಮನಿಗೆ ಸೂಲಗಿತ್ತಿಯೇ ಹೆರಿಗೆ ಮಾಡಿಸಿದ್ದು. ಅಕ್ಕನ ಕಾಲಕ್ಕೆ ಆಸ್ಪತ್ರೆಗೆ ಬಂದರೆ ದುಡ್ಡು ಕೊಡುವ ಜನನಿ ಸುರಕ್ಷಾ (2005) ಬಂದಿತ್ತು, ಆಮೇಲೆ 2007ರಲ್ಲಿ ಬಾಣಂತಿಗೂ ಮಗುವಿಗೂ ಬೇಕಾದ ಸಾಮಾನು ತುಂಬಿದ ಮಡಿಲು ಕಿಟ್. ಅಕ್ಕನ ಕಿಟ್‌ನಲ್ಲಿದ್ದ ಸೊಳ್ಳೆ ಪರದೆಯಲ್ಲೇ ಈಗ ನನ್ನ ಮಗಳು ಮಲಗುತ್ತಾಳೆ. ನನಗೆ ಕಿಟ್ ಸಿಗಲಿಲ್ಲ, ಇರಲಿ.

ರಾತ್ರಿ ಎರಡಕ್ಕೆ ಫೋನ್ ಮಾಡಿದರೆ 108 ಬಂತು. ಡಾಕ್ಟರ್, ನರ್ಸ್‌ಗೆ ಪೂರ್ತಿ ಮಾರ್ಕ್ಸ್. 2011ರಿಂದ ಜನನಿ ಶಿಶು ಸುರಕ್ಷಾದಲ್ಲಿ ಔಷಧಿ, ರಕ್ತ, ಸಿಸೇರಿಯನ್, ಮನೆಗೆ ವಾಪಸ್ ಬಿಡುವ ನಗು-ಮಗು ಗಾಡಿ ಎಲ್ಲಾ ಉಚಿತ. ಊಟವೂ ಅಷ್ಟೇ, ನಾರ್ಮಲ್ ಆದರೆ 3 ದಿನ, ಸಿಸೇರಿಯನ್‌ಗೆ 7 ದಿನ. ಗೋಡೆ ಮೇಲೆ ಇದನ್ನೆಲ್ಲ ಬರೆದ ದೊಡ್ಡ ಬೋರ್ಡ್ ಇತ್ತು. ಅದರ ಕೆಳಗೇ ನಿಂತು ಆಯಾ ಐನೂರು ಕೇಳಿದರು, ಮಗುವನ್ನು ಇನ್ನೂ ಅಮ್ಮನ ಕೈಗೆ ಕೊಟ್ಟಿರಲಿಲ್ಲ. ಹೆಣ್ಣಲ್ವಾ ಅಂತ ಐನೂರಂತೆ, ಗಂಡಾದರೆ ಸಾವಿರ! ಬಿಪಿಎಲ್‌ನ ಹಳ್ಳಿ ಹೆಂಗಸಿಗೆ ಜನನಿ ಸುರಕ್ಷಾದಲ್ಲಿ ಬರೋದೇ 700 ರೂಪಾಯಿ. ಅಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟೇಬಿಟ್ಟರು. ಅರ್ಧ ಸ್ಟಾರ್ ಕಟ್.

ಒಂದು ಸ್ಟಾರ್ ಹೋಗಿದ್ದು ಮಾತೃಪೂರ್ಣಕ್ಕೆ. 2017ರ ಅಕ್ಟೋಬರ್ 2ರಂದು ಶುರುವಾದಾಗ ಬಸುರಿ, ಬಾಣಂತಿಯರು ಅಂಗನವಾಡಿಗೇ ಬಂದು ಊಟ ಮಾಡಬೇಕು ಅಂತ ನಿಯಮ ಇಟ್ಟರು. ಮನೆಗೆ ಕೊಟ್ಟರೆ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ, ಇವಳ ಹೊಟ್ಟೆಗೆ ಹೋಗಲ್ಲ ಅನ್ನೋ ಲೆಕ್ಕ. ಅದು ಸುಳ್ಳೇನಲ್ಲ ಬಿಡಿ. ಅನ್ನ ಸಾಂಬಾರ್, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಚೆನ್ನಾಗೇ ಇತ್ತು, ಖುಷಿಯಿಂದ ಹೋಗುತ್ತಿದ್ದೆ. ಆದರೆ ಎಂಟು ತುಂಬಿದ ಮೇಲೆ ಆ ಬಿಸಿಲಲ್ಲಿ ದಿನಾ ನಡೆಯೋದು ಯಾರ ಕೈಲಾಗುತ್ತೆ? ಬಾಣಂತಿಯನ್ನಂತೂ ನಮ್ಮ ಕಡೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಕೋಣೆಯಲ್ಲಿ ಕೂರಿಸುತ್ತಾರೆ, ಹೊಸಲು ದಾಟೋಕೆ ಬಿಡಲ್ಲ. ಈ ನಿಯಮ ಬರೆದವರ ಮನೆಯಲ್ಲಿ ಯಾರೂ ಬಾಣಂತನ ಮಾಡಿಲ್ವಾ ಅನಿಸಿತು.

ಬಸುರಿ, ಬಾಣಂತಿಯರ ಖಾತೆಗೆ ಸರ್ಕಾರ ಹಾಕುವ ಮಾತೃವಂದನಾದ 5000 ರೂಪಾಯಿ ತಡವಾಗಿದ್ದಕ್ಕೆ ಸ್ಟಾರ್ ಕಟ್ ಮಾಡಿಲ್ಲ. ನನ್ನ ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಅಂಗನವಾಡಿ ಟೀಚರ್ ಪಾಪ ಮೂರು ಸಲ ಫಾರಂ ತುಂಬಿದರು. ಯಾರಾದರೂ ಬಸುರಿಯಾಗಿದ್ದರೆ ಇದನ್ನು ಈಗಲೇ ಸರಿ ಮಾಡಿಸಿಕೊಳ್ಳಿ, ಕೂಸನ್ನು ಎತ್ತಿಕೊಂಡು ಆ ಕ್ಯೂನಲ್ಲಿ ನಿಲ್ಲೋಕಾಗಲ್ಲ.