ಉಜನಿ ಹಿನ್ನೀರಿಗೆ ಗಾಳ ಹಾಕಲು ಹೋಗುವವರು ಹಣ ಕಳುಹಿಸುವ ಮೊದಲು ಓದಿ

ಹೋದ ಭಾನುವಾರ ಮಹಾರಾಷ್ಟ್ರದ ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ, ಕರಮಾಳಾ ತಾಲ್ಲೂಕಿನ ಕಡೆಯ ದಡದಿಂದ ದೋಣಿಯಲ್ಲಿ ಹೋಗಿ ಮೀನು ಹಿಡಿಯಬೇಕೆಂದು ನಾನೂ ನನ್ನ ಗೆಳೆಯನೂ ಅಕ್ಕಲಕೋಟೆಯಿಂದ ರಾತ್ರಿ ಎರಡು ಗಂಟೆಗೇ ಹೊರಟೆವು. ಹಣ ಹೋದ ಸಿಟ್ಟು ಒಂದು ಕಡೆಗಿರಲಿ, ಈಜು ಬಾರದ ಗೆಳೆಯನನ್ನು ನಾನೇ ಒತ್ತಾಯ ಮಾಡಿ ಅಂಥ ದೋಣಿಗೆ ಹತ್ತಿಸಿದೆನಲ್ಲ ಎಂಬ ನಾಚಿಕೆ ಇನ್ನೂ ಸುಡುತ್ತಿದೆ.

ದೋಣಿಯವನ ಜೊತೆ ಮಾತುಕತೆಯೆಲ್ಲ ಫೋನಿನಲ್ಲಿ ಆಗಿತ್ತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಇಂಜಿನ್ ದೋಣಿ, ಇಬ್ಬರಿಗೂ ಲೈಫ್ ಜಾಕೆಟ್, ಗಾಳಿಯಿಂದಾಗಿ ದೋಣಿ ಬಿಡಲು ಆಗದಿದ್ದರೆ ಪೂರ್ತಿ ಹಣ ವಾಪಸ್. ಅರ್ಧ ಮುಂಗಡ ಕೊಟ್ಟು ಉಳಿದದ್ದನ್ನು ದಡಕ್ಕೆ ಬಂದ ಮೇಲೆ ಕೊಡುವುದು ನನಗೆ ಗೊತ್ತಿದ್ದ ರೂಢಿ, ಆದರೆ ಆತ 2,400 ರೂಪಾಯಿಯನ್ನೂ ಮೊದಲೇ ಕೇಳಿದ, ನಾನು ಫೋನ್‌ಪೇ ಮಾಡಿಬಿಟ್ಟೆ.

ನಾವು ಹೋಗಿ ನಿಂತಾಗ ಪಶ್ಚಿಮದ ಗಾಳಿ ಆಗಲೇ ಜೋರಾಗಿತ್ತು, ನಡುನೀರಿನಲ್ಲಿ ಬಿಳಿ ನೊರೆ ಏಳುತ್ತಿತ್ತು. ಫೋನಿನಲ್ಲಿ ಮಾತನಾಡಿದವನು ಅಲ್ಲಿರಲಿಲ್ಲ, ಒಬ್ಬ ಹುಡುಗನಿದ್ದ. ಇಬ್ಬರಿಗೆಂದು ಹೇಳಿದ್ದ ಜಾಕೆಟ್ ಒಂದೇ ಇತ್ತು. ಅದರ ಹೊಲಿಗೆ ಬಿಚ್ಚಿ ಒಳಗಿನ ಬಿಳಿ ಫೋಮ್ ಹೊರಗೆ ಬಂದಿತ್ತು, ಮುಂದಿನ ಕೊಂಡಿ ಮುರಿದು ಆ ಜಾಗದಲ್ಲಿ ಬಲೆಯ ನೈಲಾನ್ ದಾರ ಕಟ್ಟಿದ್ದರು. ನಾನು ಗಾಳಿಯ ಮಾತೆತ್ತಿದರೆ ಹುಡುಗ, "ಬೇಸಿಗೆಯಲ್ಲಿ ನೀರು ಕಡಿಮೆ ಸಾಹೇಬ್, ಏನೂ ಆಗುವುದಿಲ್ಲ, ಬೇಗ ಹತ್ತಿ" ಎಂದು ಅವಸರ ಮಾಡಿದ. ಉಜನಿಯ ಒಟ್ಟು ಸುಮಾರು 117 ಟಿಎಂಸಿಯಲ್ಲಿ 63ಕ್ಕೂ ಹೆಚ್ಚು ಟಿಎಂಸಿ ತಳದಲ್ಲೇ ಉಳಿಯುವ ನೀರು, ಬೇಸಿಗೆಯಲ್ಲೂ ಮುಳುಗುವಷ್ಟು ಇರುತ್ತದೆ ಎಂಬುದು ನನಗೆ ಗೊತ್ತಿತ್ತು. 2024ರ ಮೇ 21ರಂದು ಕುಗಾವ್ ಮತ್ತು ಕಳಾಶಿ ಹಳ್ಳಿಗಳ ನಡುವೆ ಇದೇ ಹಿನ್ನೀರಿನಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಆರು ಜನ ಸತ್ತದ್ದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಹತ್ತಿದೆ. ಆ ಜಾಕೆಟನ್ನು ಗೆಳೆಯನಿಗೆ ತೊಡಿಸಿ ಹತ್ತಿದೆ.

ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಎಸೆದರೆ, ದೋಣಿ ಒಂದೇ ಕಡೆ ನಿಲ್ಲದೆ ಅಡ್ಡಡ್ಡ ತೇಲುತ್ತಿದ್ದುದರಿಂದ ದಾರ ಇಂಜಿನ್ನಿನ ಕಡೆಗೇ ಎಳೆದುಕೊಂಡು ಹೋಗುತ್ತಿತ್ತು. ಒಂದು ಅಲೆ ಅಂಚು ದಾಟಿ ಗೆಳೆಯನ ಮಡಿಲಿಗೇ ಬಿತ್ತು. ಅವನು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡವನು ದಡ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ನಲವತ್ತು ನಿಮಿಷಕ್ಕೆ ವಾಪಸ್ ಬಂದೆವು, ಒಂದು ಚಿಲಾಪಿ (ತಿಲಾಪಿಯಾ) ಮೀನೂ ಸಿಗಲಿಲ್ಲ.

ದಡದಿಂದಲೇ ಫೋನ್ ಮಾಡಿ ಹಣ ಕೇಳಿದೆ. ಆತ ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ದೋಣಿ ಬಿಡಲು ಆಗದಿದ್ದರೆ ವಾಪಸ್ ಎಂದಿದ್ದೆ. ದೋಣಿ ಬಿಟ್ಟಿತಲ್ಲ?" ಹುಡುಗನ ಅವಸರ ಏಕೆಂಬುದು ನನಗೆ ಆಗ ತಿಳಿಯಿತು. ಆ ಗಾಳಿಯಲ್ಲಿ ಯಾರೂ ಮೀನು ಹಿಡಿಯಲಾರರು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮನ್ನು ಹತ್ತಿಸಿ ದೋಣಿ ದಡ ಬಿಟ್ಟರೆ ಸಾಕು, ಹಣ ಕೊಡಬೇಕಾಗಿಲ್ಲ. 2,400 ರೂಪಾಯಿ ಉಳಿಸಿಕೊಳ್ಳಲು ಎರಡು ಜೀವಗಳನ್ನು ಆ ಅಲೆಗಳ ಮೇಲೆ ತಳ್ಳಿದರು. ಒಂದೇ ಜಾಕೆಟ್ ಇತ್ತಲ್ಲ ಎಂದು ಕೇಳಿದ್ದಕ್ಕೆ, "ಈಜು ಬಾರದವರು ನೀರಿಗೆ ಯಾಕೆ ಬರುತ್ತೀರಿ?" ಎಂದು ಫೋನ್ ಇಟ್ಟ. ಮತ್ತೆ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಆದ್ದರಿಂದ ಪೂರ್ತಿ ಹಣ ಮೊದಲೇ ಕೇಳುವವರ ದೋಣಿಗೆ ಹೋಗಬೇಡಿ. ಜಾಕೆಟ್ ತೊಟ್ಟು, ಕೊಂಡಿ ಎಳೆದು ನೋಡಿ. ಗಾಳಿ ಇದ್ದರೆ ಎಷ್ಟೇ ಅವಸರ ಮಾಡಿದರೂ ದೋಣಿಯಲ್ಲಿ ಕಾಲಿಡಬೇಡಿ, ಕಾಲಿಟ್ಟರೆ ಹಣದ ಮಾತು ಅಲ್ಲಿಗೇ ಮುಗಿಯಿತು.

ಗೆಳೆಯ ಮರುದಿನ ತನ್ನ ಪಾಲಿನದೆಂದು 1,200 ರೂಪಾಯಿ ಕಳುಹಿಸಿದ್ದ. ನಾನು ಅದನ್ನು ವಾಪಸ್ ಕಳುಹಿಸಿದೆ.