ಸಂಶೋಧನಾ ಭಂಡಾರಕ್ಕೆ ಯಾವುದು: ಇಪ್ರಿಂಟ್ಸ್ ಅಥವಾ ಡಿಸ್ಪೇಸ್?

ಮಹಾಪ್ರಬಂಧ, ಸಂಶೋಧನಾ ಲೇಖನಗಳನ್ನು ಡಿಜಿಟಲ್ ರೂಪದಲ್ಲಿ ಕಾಯ್ದಿಡಬಯಸುವ ವಿಶ್ವವಿದ್ಯಾಲಯದ ಗ್ರಂಥಾಲಯವು ಪರಿಶೀಲಿಸಬೇಕಾದ ಮುಕ್ತ ತಂತ್ರಾಂಶಗಳು ಎರಡು: 2000ನೇ ಇಸವಿಯಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಬಂದ ಇಪ್ರಿಂಟ್ಸ್ ಮತ್ತು 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ, ಎಚ್‌ಪಿ ಕಂಪನಿ ಸೇರಿ ಹೊರತಂದ ಡಿಸ್ಪೇಸ್. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಇಪ್ರಿಂಟ್ಸ್ ಸಾಧಾರಣ ಸರ್ವರ್‌ನಲ್ಲೂ ನಡೆಯುತ್ತದೆ. ಲೇಖಕರೇ ತಮ್ಮ ಬರಹ ಸೇರಿಸುವ ಪದ್ಧತಿಗೆ ಚೆನ್ನಾಗಿ ಒಗ್ಗುತ್ತದೆ. ಡಿಸ್ಪೇಸ್‌ನಲ್ಲಿ ವಿಭಾಗ, ಅದರೊಳಗೆ ಸಂಗ್ರಹ, ಅದರೊಳಗೆ ಕೃತಿ ಎಂಬ ಶ್ರೇಣಿಯಿದ್ದು, ಡಿಜಿಟಲ್ ಕೃತಿಗಳಿಗೆ ಕಾಯಂ ಗುರುತು ನೀಡುವ ಹ್ಯಾಂಡಲ್ ಸೇವೆಗೆ ನೋಂದಾಯಿಸಿಕೊಂಡರೆ ಪ್ರತಿ ಕೃತಿಗೂ ಶಾಶ್ವತ ವಿಳಾಸ ದೊರೆಯುವುದರಿಂದ, ಸರ್ವರ್ ಬದಲಾದರೂ ಹಳೆಯ ಉಲ್ಲೇಖಗಳ ಕೊಂಡಿ ತಪ್ಪುವುದಿಲ್ಲ. ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಅನುಕೂಲ ಕಡಿಮೆ. ಆದರೆ 2021ರ ಏಳನೆಯ ಆವೃತ್ತಿಯಿಂದ ಡಿಸ್ಪೇಸ್ ಜಾವಾ ಭಾಷೆಯ ಹಿಂಬದಿ (ಸರ್ವರ್‌ನಲ್ಲಿ ನಡೆಯುವ ಭಾಗ), ಆಂಗ್ಯುಲರ್ ಎಂಬ ವೆಬ್ ಚೌಕಟ್ಟಿನ ಮುಂಬದಿ (ಬಳಕೆದಾರರಿಗೆ ಕಾಣುವ ಭಾಗ) ಎಂದು ಎರಡಾಗಿರುವುದರಿಂದ ನಿರ್ವಹಣೆಗೆ ನುರಿತ ಸಿಬ್ಬಂದಿ ಬೇಕು. ಅಂಥವರಿದ್ದರೆ ಡಿಸ್ಪೇಸ್, ಇಲ್ಲದಿದ್ದರೆ ಇಪ್ರಿಂಟ್ಸ್ ಸೂಕ್ತ.